ನನ್ನ ಓಟು ಎಪ್ಪತ್ತರ ದಶಕಕ್ಕೆ

ಕೇಳುಗರಿಗೆ ನಮಸ್ಕಾರ.

ರಾಕ್ ಸಂಗೀತದ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಜಗಳ ಗ್ಯಾರಂಟಿ. ಯಾವ ದಶಕದ ರಾಕ್ ಎಲ್ಲಕ್ಕಿಂತ ಚೆನ್ನ? ಒಬ್ಬರು ಅರವತ್ತರ ದಶಕ ಅನ್ನುತ್ತಾರೆ. ಬೀಟಲ್ಸ್ ಹೆಸರು ಎತ್ತಿ, ಇನ್ನೇನಿದೆ ಮಾತು ಅನ್ನುವ ಹಾಗೆ ಕೈಕಟ್ಟಿ ಕೂರುತ್ತಾರೆ. ಇನ್ನೊಬ್ಬರು ನಿರ್ವಾನಾ, ಪರ್ಲ್ ಜ್ಯಾಮ್ ಅಂತ ತೊಂಬತ್ತರ ಬಾವುಟ ಹಿಡಿಯುತ್ತಾರೆ. ವಯಸ್ಸು ಕೇಳಿದರೆ ಸಾಕು, ಯಾರು ಯಾವ ಪಕ್ಷ ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಹದಿನೈದು ಹದಿನಾರರಲ್ಲಿ ತಲೆಗೆ ಹೊಕ್ಕಿದ್ದು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ, ಅಲ್ವಾ?

ನನ್ನ ಓಟು ಎಪ್ಪತ್ತರ ದಶಕಕ್ಕೆ. ಕಾರಣ ಗಿಟಾರ್ ನುಡಿಸುವವರಲ್ಲ. ಒಳ್ಳೆಯ ಕೈಗಳು ಎಲ್ಲ ಕಾಲದಲ್ಲೂ ಇದ್ದವು. ಕಾರಣ ರೇಡಿಯೋ. ಮೈಕಿನ ಮುಂದೆ ಕೂತು ಇದನ್ನು ಹೇಳಿದರೆ ನಮ್ಮ ಮನೆಯನ್ನು ನಾವೇ ಹೊಗಳಿಕೊಂಡಂತೆ ಕೇಳಿಸೀತು. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಅರವತ್ತರ ದಶಕದ ಅಮೆರಿಕದಲ್ಲಿ ಹಾಡು ಗೆಲ್ಲುತ್ತಿದ್ದದ್ದು ಎ.ಎಂ. ರೇಡಿಯೋದಲ್ಲಿ, ನಮ್ಮ ಮೀಡಿಯಂ ವೇವ್ ಇದ್ದ ಹಾಗೆ. ಜನಪ್ರಿಯ ನಲವತ್ತು ಹಾಡುಗಳ ಪಟ್ಟಿ, ಅವನ್ನೇ ಹಗಲೂ ರಾತ್ರಿ ಸುತ್ತಿಸುವುದು. ಒಂದೊಂದು ಹಾಡಿಗೆ ಮೂರು ನಿಮಿಷ, ಹಿಂದೆಯೇ ಜಾಹೀರಾತು. ಡೋರ್ಸ್ ತಂಡದ ‘ಲೈಟ್ ಮೈ ಫೈರ್’ 1967ರ ಆಲ್ಬಂನಲ್ಲಿ ಏಳು ನಿಮಿಷದಷ್ಟು ಇದೆ. ಬಿಡಿ ಹಾಡಾಗಿ ಮಾರುವ ಸಿಂಗಲ್‌ಗಾಗಿ ಅದರ ನಡುವಿನ ಆರ್ಗನ್, ಗಿಟಾರ್ ಭಾಗಕ್ಕೆ ಕತ್ತರಿ ಹಾಕಿ ಮೂರು ನಿಮಿಷದೊಳಕ್ಕೆ ಇಳಿಸಿದರು. ನನ್ನ ಕೇಳಿದರೆ, ಹಾಡಿನ ಜೀವ ಇರುವುದೇ ಆ ಭಾಗದಲ್ಲಿ.

ಆಗ ಎಫ್.ಎಂ. ಕೇಳುವವರು ಕಡಿಮೆ. ಎಷ್ಟೋ ಮಾಲೀಕರು ಎ.ಎಂ.ನಲ್ಲಿ ಬಂದದ್ದನ್ನೇ ಎಫ್.ಎಂ.ನಲ್ಲೂ ಬಿಟ್ಟು ಸುಮ್ಮನಾಗುತ್ತಿದ್ದರು. ಅಲ್ಲಿನ ಸರ್ಕಾರ ಅದಕ್ಕೆ ಅಡ್ಡ ಬಂತು. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಎಫ್.ಎಂ.ನ ಅರ್ಧ ಹೊತ್ತಾದರೂ ಬೇರೆ ಕಾರ್ಯಕ್ರಮ ಇರಲೇಬೇಕು ಎಂಬ ನಿಯಮ ಬಂತು. ಇದ್ದಕ್ಕಿದ್ದ ಹಾಗೆ ಗಂಟೆಗಟ್ಟಲೆ ಸಮಯ ಖಾಲಿ. ತುಂಬಿಸಲು ಜಾಸ್ತಿ ದುಡ್ಡು ಸುರಿಯುವ ಮನಸ್ಸೂ ಯಾರಿಗೂ ಇಲ್ಲ. ಕಡಿಮೆ ಖರ್ಚಿನ ದಾರಿ ಒಂದೇ: ಹಾಡು ಹಾಕುವ ಒಬ್ಬ ಡಿ.ಜೆ.ಯನ್ನು ಕೂರಿಸಿ, ಆಲ್ಬಂ ಹಿಡಿಸುವ ದೊಡ್ಡ ತಟ್ಟೆಗಳ, ಅಂದರೆ ಎಲ್.ಪಿ.ಗಳ ರಾಶಿ ಕೊಟ್ಟು, ನಿನಗೆ ತೋಚಿದ್ದು ಹಾಕು ಅನ್ನುವುದು.

1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆ.ಎಂ.ಪಿ.ಎಕ್ಸ್. ಕೇಂದ್ರದಲ್ಲಿ ಟಾಮ್ ಡೊನಹ್ಯೂ ಅದನ್ನೇ ಮಾಡಿ ತೋರಿಸಿದರು. ಸ್ವತಃ ಎ.ಎಂ.ನಲ್ಲಿ ಪಟ್ಟಿ ಸುತ್ತಿಸಿ ಹೆಸರು ಮಾಡಿದವರು. ಅದರ ರುಚಿಯೆಲ್ಲ ಗೊತ್ತಿದ್ದೇ ಬಿಟ್ಟು ಬಂದವರು. ಇಲ್ಲಿ ಕಿರುಚಾಟ ಇಲ್ಲ. ಹಾಡು ಎಷ್ಟು ಉದ್ದವೋ ಅಷ್ಟೂ ಬರುತ್ತದೆ, ಬೇಕೆನಿಸಿದರೆ ಎಲ್.ಪಿ.ಯ ಒಂದಿಡೀ ಬದಿ. ಕೆಲವೇ ವರ್ಷಗಳಲ್ಲಿ ದೊಡ್ಡ ಊರುಗಳಲ್ಲೆಲ್ಲ ಇಂಥ ಕೇಂದ್ರಗಳು ಹುಟ್ಟಿಕೊಂಡವು.

ಇದರಿಂದ ಸಂಗೀತಕ್ಕೆ ಏನಾಯಿತು? ಒಂದೇ ಹಾಡು ಹಿಡಿದು ನೋಡೋಣ. 1927ರಲ್ಲಿ ಮಿಸಿಸಿಪಿ ನದಿಗೆ ಮಹಾಪೂರ ಬಂದು ಒಡ್ಡು ಒಡೆಯಿತು. ಅದರ ಮೇಲೆ ಕ್ಯಾನ್ಸಸ್ ಜೋ ಮೆಕಾಯ್, ಮೆಂಫಿಸ್ ಮಿನ್ನಿ ದಂಪತಿ 1929ರಲ್ಲಿ ‘ವೆನ್ ದ ಲೆವೀ ಬ್ರೇಕ್ಸ್’ ಎಂಬ ಬ್ಲೂಸ್ ಹಾಡನ್ನು ಧ್ವನಿಮುದ್ರಿಸಿದರು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯಲ್ಲಿ ಹಿಡಿಯುವುದೇ ಮೂರು ನಿಮಿಷ ಚಿಲ್ಲರೆ. ಹಾಡೂ ಅಷ್ಟೇ. 1971ರಲ್ಲಿ ಇಂಗ್ಲೆಂಡಿನ ಲೆಡ್ ಝೆಪೆಲಿನ್ ತಂಡ ಅದನ್ನೇ ಎತ್ತಿಕೊಂಡಾಗ ಅದು ಏಳು ನಿಮಿಷ ದಾಟಿತು.

ಅದರ ಡ್ರಮ್ ಸದ್ದು ಕೇಳಿದವರು ಮರೆಯುವುದಿಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೆಯ ಕಟ್ಟಡ, ಒಂದು ಕಾಲಕ್ಕೆ ಬಡವರನ್ನು ಇರಿಸುತ್ತಿದ್ದ ಜಾಗ. ಸ್ಟುಡಿಯೋ ಅಲ್ಲ, ಹೊರಗೆ ನಿಲ್ಲಿಸಿದ ಗಾಡಿಯಲ್ಲಿ ರೆಕಾರ್ಡಿಂಗ್ ಯಂತ್ರ. ತಂಡದ ಡ್ರಮ್ಮರ್ ಜಾನ್ ಬಾನಮ್ ಅವರ ಡ್ರಮ್ ಸೆಟ್ಟನ್ನು ಮೆಟ್ಟಿಲ ಬುಡದ ಹಜಾರದಲ್ಲಿ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಮೆಟ್ಟಿಲಿನಿಂದ ಎರಡು ಮೈಕ್ ಇಳಿಬಿಟ್ಟರು. ಡ್ರಮ್ ಹತ್ತಿರ ಒಂದೂ ಇಲ್ಲ. ಹಾಗಾಗಿ ನಮಗೆ ಕೇಳಿಸುವುದು ಬರೀ ಡ್ರಮ್ ಅಲ್ಲ, ಆ ಹಜಾರದ ಗೋಡೆ, ಎತ್ತರದ ಚಾವಣಿ ಎಲ್ಲ ಕೇಳಿಸುತ್ತದೆ. ಒಂದೊಂದು ಪೆಟ್ಟಿನ ಹಿಂದೆ ಗಾಳಿ ಅಲುಗಾಡುತ್ತದೆ. ಎ.ಎಂ.ನ ಕರಕರದಲ್ಲಿ ಇದು ಹೂತುಹೋಗುತ್ತಿತ್ತು. ಎಫ್.ಎಂ.ನ ಸ್ಟೀರಿಯೋಗೆ ಹೇಳಿ ಮಾಡಿಸಿದ ಸದ್ದು. ಅದೇ ಆಲ್ಬಂನ ‘ಸ್ಟೇರ್‌ವೇ ಟು ಹೆವನ್’ ಎಂಟು ನಿಮಿಷದ್ದು. ಅದನ್ನು ಸಿಂಗಲ್ ಆಗಿ ಹೊರತರಲು ತಂಡ ಒಪ್ಪಲೇ ಇಲ್ಲ. ಆದರೂ ಅಮೆರಿಕದ ಎಫ್.ಎಂ.ನಲ್ಲಿ ಜನ ಕೇಳಿ ಕೇಳಿ ಹಾಕಿಸಿಕೊಂಡರು.

ಲಂಡನ್ನಿನಲ್ಲೂ ಇದೇ ಕಥೆ. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’ ಸಿದ್ಧವಾಯಿತು. ಸುಮಾರು ಆರು ನಿಮಿಷ. ಮೂರೇ ಜನ ಧ್ವನಿಯ ಮೇಲೆ ಧ್ವನಿ ಪೇರಿಸುತ್ತಾ ಹೋಗಿ, ಟೇಪು ಸವೆದು ಬೆಳಕು ತೂರುವಷ್ಟು ತೆಳ್ಳಗಾಗಿತ್ತಂತೆ. ಇಷ್ಟುದ್ದದ್ದನ್ನು ರೇಡಿಯೋದವರು ಹಾಕುವುದಿಲ್ಲ ಅಂತ ರೆಕಾರ್ಡ್ ಕಂಪನಿಯವರು ತಕರಾರು ತೆಗೆದರು. ಕ್ಯಾಪಿಟಲ್ ರೇಡಿಯೋದ ಡಿ.ಜೆ. ಕೆನಿ ಎವರೆಟ್ ಒಂದೇ ವಾರಾಂತ್ಯದಲ್ಲಿ ಅದನ್ನು ಮತ್ತೆ ಮತ್ತೆ ಹಾಕಿದರು. ಬ್ರಿಟನ್ನಿನಲ್ಲಿ ಒಂಬತ್ತು ವಾರ ಅದೇ ಮೊದಲ ಸ್ಥಾನದಲ್ಲಿ ಕೂತಿತು.

ಉದ್ದಕ್ಕೆ ಅವಕಾಶ ಕೊಟ್ಟರೆ ಬೋರು ಹೊಡೆಸುವವರೂ ಬರುತ್ತಾರೆ. ಬಂದರು. ಯೆಸ್ ತಂಡ 1973ರಲ್ಲಿ ಎರಡು ಎಲ್.ಪಿ.ಗಳ ಆಲ್ಬಂ ತಂದಿತು, ಒಳಗೆ ಇದ್ದದ್ದು ನಾಲ್ಕೇ ಹಾಡು! ನನಗಂತೂ ಒಂದೇ ಸಲಕ್ಕೆ ಮುಗಿಸಲು ಆಗಿಲ್ಲ. ಆದರೆ ಅದಕ್ಕೆ ಮದ್ದು ಅರೆದದ್ದೂ ಅದೇ ದಶಕ. ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಂ, 1976ರದ್ದು, 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿ ಎದ್ದು ಹೋಗುತ್ತದೆ.

ನನ್ನ ವಾದಕ್ಕೆ ನಿಜವಾದ ಪೆಟ್ಟು ಕೊಡುವುದು ಎಂಬತ್ತರ ದಶಕ. 1981ರ ಆಗಸ್ಟ್ 1ಕ್ಕೆ ಹಾಡಿನ ವಿಡಿಯೋ ತೋರಿಸುವ ಟಿ.ವಿ. ಚಾನೆಲ್ ಎಂ.ಟಿ.ವಿ. ಶುರುವಾಯಿತು, ಹಾಡಿಗಿಂತ ಕೂದಲು ಮುಖ್ಯವಾಯಿತು, ಇದೆಲ್ಲ ಸರಿ. ಆದರೆ ಮೆಟಾಲಿಕಾ ತಂಡ? ಅವರ ಹಾಡುಗಳನ್ನು ರೇಡಿಯೋದಲ್ಲಿ ಹಾಕುವವರೇ ಅಪರೂಪ. 1989ರವರೆಗೆ ಹಾಡಿನ ಒಂದು ವಿಡಿಯೋ ಕೂಡ ಟಿ.ವಿ.ಗೆ ಕೊಟ್ಟಿರಲಿಲ್ಲ. ಆದರೂ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಅದೇ ವರ್ಷ ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಗಡಿ ಮುಟ್ಟಿತು. ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟುಗಳೇ ಅವರಿಗೆ ರೇಡಿಯೋ. 2011ರ ಅಕ್ಟೋಬರ್ 30ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಪ್ಪತ್ತೈದು ವರ್ಷದ ಹಿಂದಿನ ಆ ಹಾಡುಗಳನ್ನು ಜನ ಬಾಯಿಪಾಠವಾಗಿ ಹಾಡಿದರು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತೊಂಬತ್ತರ ಪಕ್ಷದವರಿಗೆ ಒಂದು ಮಾತು. 1991ರ ಆಗಸ್ಟ್, ಸೆಪ್ಟೆಂಬರ್ ಎರಡೇ ತಿಂಗಳಲ್ಲಿ ಮೆಟಾಲಿಕಾದ ಕಪ್ಪು ಆಲ್ಬಂ, ಪರ್ಲ್ ಜ್ಯಾಮ್‌ನ ‘ಟೆನ್’, ನಿರ್ವಾನಾದ ‘ನೆವರ್‌ಮೈಂಡ್’ ಮೂರೂ ಬಂದವು. ಅಂಥ ಎರಡು ತಿಂಗಳು ಎಪ್ಪತ್ತರಲ್ಲೂ ಸಿಗುವುದು ಕಷ್ಟ. ಆದರೆ 1996ರಲ್ಲಿ ಅಮೆರಿಕ ಕಾನೂನು ಬದಲಿಸಿತು. ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ರೇಡಿಯೋ ಕೇಂದ್ರ ಇಟ್ಟುಕೊಳ್ಳಬೇಕು ಎಂಬ ಮಿತಿ ಹೋಯಿತು. ಕೆಲವು ವರ್ಷಗಳಲ್ಲಿ ಒಂದೇ ಕಂಪನಿಯ ಕೈಯಲ್ಲಿ ಸಾವಿರಕ್ಕೂ ಮಿಕ್ಕಿ ಕೇಂದ್ರಗಳು. ಮತ್ತೆ ಪಟ್ಟಿ, ಮತ್ತೆ ಅದೇ ಹಾಡು, ಊರು ಯಾವುದಾದರೇನು. ದಶಕದ ಕೊನೆಯ ಭಾಗ ಸಪ್ಪೆ ಅನ್ನಿಸಿದರೆ ಬರೀ ತಂಡಗಳನ್ನು ಬೈಯಬೇಡಿ.

ಹಾಗಾದರೆ ನನ್ನ ಲೆಕ್ಕದಲ್ಲಿ ಎಪ್ಪತ್ತು ಮೊದಲು, ತೊಂಬತ್ತು ಎರಡನೆಯದು. ಅರವತ್ತಕ್ಕೆ ಮೂರನೇ ಸ್ಥಾನ. ಸಿಟ್ಟಾಗುವ ಮುಂಚೆ ಇದೊಂದು ಕೇಳಿ. ಐವತ್ತರ ದಶಕದ ರಾಕ್ ತಾರೆಗಳಲ್ಲಿ ಎಲ್ವಿಸ್ 1958ರಲ್ಲಿ ಸೇನೆಗೆ ಹೋಗಿದ್ದರು, ಬಡ್ಡಿ ಹಾಲಿ 1959ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅರವತ್ತರ ಮೊದಲ ಮೂರು ವರ್ಷ ರಾಕ್ ಮಂಕಾಗಿತ್ತು. ಇನ್ನು 1969, ವುಡ್‌ಸ್ಟಾಕ್ ಎಂಬ ದೊಡ್ಡ ರಾಕ್ ಉತ್ಸವ ನಡೆದ ವರ್ಷ. ಆ ವರ್ಷ ಬಿಲ್‌ಬೋರ್ಡ್ ಪತ್ರಿಕೆಯ ವರ್ಷದ ಹಾಡುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಗಿಟಾರ್ ಮಾಂತ್ರಿಕ ಹೆಂಡ್ರಿಕ್ಸ್ ಅಲ್ಲ, ಬೀಟಲ್ಸೂ ಅಲ್ಲ. ಆರ್ಚೀಸ್ ಅನ್ನುವ ಕಾರ್ಟೂನ್ ತಂಡದ ‘ಶುಗರ್, ಶುಗರ್’!

ನಮಸ್ಕಾರ.