ಅಜ್ಜಿಗೆ ನಾಲ್ಕು ಕೈ ಹೇಗೆ ಬಂದವು? ಹಳೆಯ ಹ್ಯಾಂಡಿಕ್ಯಾಮ್ ಬಚ್ಚಿಟ್ಟುಕೊಂಡಿರುವ ಕ್ಷಣಗಳು

(ತೆರೆ ಕಪ್ಪಾಗಿದೆ. ರೊಟ್ಟಿ ಬಡಿಯುವ ಸದ್ದು, ನಡುನಡುವೆ ಬಳೆಗಳ ಸದ್ದು. ನಿಧಾನವಾಗಿ ಚಿತ್ರ ಮೂಡುತ್ತದೆ.)

ನಮಸ್ಕಾರ. ಈಗ ಕೇಳಿದಿರಲ್ಲ, ಅದು ನಮ್ಮ ಅಜ್ಜಿ ಜೋಳದ ರೊಟ್ಟಿ ಬಡಿಯುವ ಸದ್ದು. 2010ರ ದೀಪಾವಳಿಯ ಬೆಳಗು, ಗದಗ-ಬೆಟಗೇರಿಯ ನಮ್ಮ ಹಳೆಯ ಮನೆಯ ಅಡುಗೆಮನೆ. ಪೂರ್ವದ ಕಿಟಕಿಯಿಂದ ಬಿಸಿಲು ನೇರವಾಗಿ ಹಿಟ್ಟಿನ ಮೇಲೆ ಬೀಳುತ್ತಿದೆ. ಆ ವರ್ಷವಷ್ಟೇ ಮನೆಗೆ ಬಂದಿದ್ದ ಪುಟ್ಟ ಎಚ್‌ಡಿ ಹ್ಯಾಂಡಿಕ್ಯಾಮನ್ನು ಜೋಳದ ಚೀಲದ ಮೇಲೆ ಇಟ್ಟು ನಾನು ಪಕ್ಕದಲ್ಲಿ ಕುಳಿತಿದ್ದೆ.

ಈಗ ಚಿತ್ರವನ್ನು ಇಲ್ಲಿ ನಿಲ್ಲಿಸುತ್ತೇನೆ. ಅಜ್ಜಿಯ ಕೈಗಳನ್ನು ನೋಡಿ. ಎಣಿಸಿ ನೋಡಿ. ನಾಲ್ಕಿವೆ!

(ಪರದೆಯ ಮೇಲೆ ನಿಂತ ಚಿತ್ರ. ಪ್ರತಿ ಕೈಯ ಪಕ್ಕದಲ್ಲಿ ಅದರದೇ ಮಸುಕು ನೆರಳು.)

ಹೋದ ತಿಂಗಳು ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಕಪಾಟಿನಲ್ಲಿ ಅಪ್ಪನ ಕ್ಯಾಮ್‌ಕಾರ್ಡರ್ ಸಿಕ್ಕಿದೆ, ಅದರ ವಿಡಿಯೋ ಮೊಬೈಲಿನಲ್ಲಿ ಹಾಕಿದರೆ ಓಡಾಡುವವರ ಮೈಯೆಲ್ಲ ಬಾಚಣಿಗೆ ಹಲ್ಲಿನಂತೆ ಸೀಳಿಕೊಂಡು ಕಾಣುತ್ತದೆ, ಸದ್ದೂ ಬರುವುದಿಲ್ಲ, ಎಲ್ಲ ಹಾಳಾಗಿದೆಯೇ ಎಂದು ಕೇಳಿದ್ದರು. ಉತ್ತರ ಹುಡುಕಲು ನನ್ನದೇ ಹಳೆಯ ಕಾರ್ಡ್ ತೆಗೆದು ಕುಳಿತೆ. ಹಾಳಾಗಿರಲಿಲ್ಲ, ಏನೂ ಹಾಳಾಗಿರಲಿಲ್ಲ. ಹದಿನೈದು ವರ್ಷ ನಾನು ನೋಡಿಯೇ ಇರದ ಅರ್ಧ ಭಾಗ ಅದರೊಳಗೇ ಕುಳಿತಿತ್ತು. ಇವತ್ತಿನ ಮಾತು ಆ ಅರ್ಧದ ಬಗ್ಗೆ.

ಮೊದಲು ಮೂಲ ವಿಷಯಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಹ್ಯಾಂಡಿಕ್ಯಾಮ್ ಎನ್ನುವುದು ಸೋನಿಯ ಹೆಸರು, ಆದರೆ ನಮ್ಮ ಕಡೆ ಅಂಗೈಗೆ ಪಟ್ಟಿ ಹಾಕಿಕೊಂಡು ಹಿಡಿಯುವ ಎಲ್ಲ ಕ್ಯಾಮೆರಾಗಳಿಗೂ ಅದೇ ಹೆಸರು. ಮನೆಮಂದಿಯ ಕೈಗೆ ಎಚ್‌ಡಿ ಬಂದದ್ದು ಎರಡು ಹೆಜ್ಜೆಯಲ್ಲಿ. 2003ರಲ್ಲಿ ಎಚ್‌ಡಿವಿ ಎಂಬ ರೆಕಾರ್ಡಿಂಗ್ ಮಾದರಿ ಬಂತು, ಅದು ಹಳೆಯ ಮಿನಿಡಿವಿ ಟೇಪಿನ ಮೇಲೇ ಬರೆಯುತ್ತಿತ್ತು. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ಎವಿಸಿಎಚ್‌ಡಿ ಎಂಬ ಮಾದರಿ ತಂದವು. ಟೇಪು ಹೋಯಿತು, ಕಾರ್ಡ್ ಬಂತು. ನಿಮ್ಮ ಕ್ಯಾಮೆರಾದ ಕಾರ್ಡಿನಲ್ಲಿ ‘ಎಂಟಿಎಸ್’ ಎಂಬ ಬಾಲದ ಫೈಲುಗಳಿದ್ದರೆ ಅದು ಈ ಎರಡನೆಯ ಪೀಳಿಗೆಯದು. ನನ್ನದೂ ಅದೇ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

(ಪರದೆಯ ಮೇಲೆ ಕೈಮಗ್ಗ. ನಿಧಾನಗತಿಯಲ್ಲಿ ನೂಲು ಮೇಲೆ ಕೆಳಗೆ.)

ಬೆಟಗೇರಿಯಲ್ಲಿ ಬೆಳೆದವರಿಗೆ ಮಗ್ಗದ ಸದ್ದು ಗೊತ್ತಿರದೆ ಇರುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಕುಣಿಮಗ್ಗ ಇತ್ತು. ಸಾದಾ ನೇಯ್ಗೆಯನ್ನು ಹತ್ತಿರದಿಂದ ನೋಡಿ. ಹಾಸಿನ ನೂಲುಗಳಲ್ಲಿ ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯವು ಮೇಲೇಳುತ್ತವೆ. ನಡುವೆ ಲಾಳಿ ಹಾಯುತ್ತದೆ. ನೇಕಾರ ಕಾಲು ಬದಲಿಸಿದ ಕೂಡಲೇ ಅವು ಕೆಳಗಿಳಿದು ಎರಡು, ನಾಲ್ಕು, ಆರನೆಯವು ಮೇಲೇಳುತ್ತವೆ. ಲಾಳಿ ಮರಳಿ ಬರುತ್ತದೆ. ಬೆಸ ನೂಲಷ್ಟೇ ಎದ್ದರೆ ಬಟ್ಟೆಯಾಗದು, ಸಮ ನೂಲಷ್ಟೇ ಎದ್ದರೂ ಆಗದು.

ನಿಮ್ಮ ಕ್ಯಾಮ್‌ಕಾರ್ಡರ್ ಚಿತ್ರ ನೇಯುವುದೂ ಹೀಗೆಯೇ. ಎಚ್‌ಡಿ ಚಿತ್ರದಲ್ಲಿ ಅಡ್ಡಗೆರೆಗಳು 1080. ಕ್ಯಾಮೆರಾ ಅಷ್ಟನ್ನೂ ಒಟ್ಟಿಗೆ ಬರೆಯುವುದಿಲ್ಲ. ಮೊದಲು ಬೆಸ ಗೆರೆಗಳು, 540. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಸಮ ಗೆರೆಗಳು, ಇನ್ನೊಂದು 540. ಮತ್ತೆ ಬೆಸ, ಮತ್ತೆ ಸಮ. ಇದಕ್ಕೆ ಇಂಟರ್‌ಲೇಸಿಂಗ್ ಎಂದು ಹೆಸರು. 1080ಐ ಎಂದು ಬರೆದಿರುತ್ತದಲ್ಲ, ಆ ‘ಐ’ ಇದೇ.

ಮಗ್ಗದಲ್ಲಿ ಹಾಸು ಬಿಗಿಯಾಗಿರುತ್ತದೆ, ಯಾವ ನೂಲೂ ತನ್ನ ಸಾಲು ಬಿಟ್ಟು ಕದಲುವುದಿಲ್ಲ. ಅಜ್ಜಿಯ ಕೈ ಹಾಗಲ್ಲ. ರೊಟ್ಟಿ ಬಡಿಯುವ ಕೈ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಇಳಿಯುತ್ತಿದೆ ಎಂದು ಲೆಕ್ಕ ಹಾಕಿ. ಬೆಸ ಗೆರೆ ಬರೆದು ಸಮ ಗೆರೆ ಬರೆಯುವಷ್ಟರಲ್ಲಿ ಆ ಕೈ ಎರಡು ಸೆಂಟಿಮೀಟರ್ ಕೆಳಗೆ ಬಂದಿರುತ್ತದೆ. ಬೆಸ ಗೆರೆಗಳಲ್ಲಿ ಕೈ ಮೇಲಿದೆ, ಸಮ ಗೆರೆಗಳಲ್ಲಿ ಕೆಳಗಿದೆ. ಎರಡನ್ನೂ ಒಂದೇ ಚಿತ್ರವಾಗಿ ಹೆಣೆದು ಮೊಬೈಲ್ ತೋರಿಸಿದಾಗ ಅಂಚೆಲ್ಲ ಬಾಚಣಿಗೆ ಹಲ್ಲಾಗುತ್ತದೆ. ವೀಕ್ಷಕರು ನೋಡಿದ್ದು ಅದನ್ನೇ.

ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದೆ. ಆಗ ಸಿಕ್ಕ ಯಾವುದೋ ಉಚಿತ ತಂತ್ರಾಂಶದಿಂದ ಎಲ್ಲವನ್ನೂ ಎಂಪಿ4 ಮಾಡಿ ಮನೆಯವರಿಗೆಲ್ಲ ಹಂಚಿದ್ದೆ. ಅದು ಬಾಚಣಿಗೆ ಕಾಣದಿರಲೆಂದು ಬೆಸ ಗೆರೆಗಳ ಪಾಲು, ಸಮ ಗೆರೆಗಳ ಪಾಲು ಎರಡನ್ನೂ ಒಂದರ ಮೇಲೊಂದು ಕಲಸಿಬಿಟ್ಟಿತ್ತು. ಎರಡು ಕೈ ನಾಲ್ಕಾದದ್ದು ಅಲ್ಲಿ. ಅಜ್ಜಿಯ ಹಸಿರು ಬಳೆಗಳು ಒಂದು ಹಸಿರು ಹೊಗೆಯಾಗಿದ್ದವು. ಅಜ್ಜಿ ತೀರಿಕೊಂಡ ಮೇಲೆ ನಾವೆಲ್ಲ ಮತ್ತೆ ಮತ್ತೆ ನೋಡಿದ್ದು ಈ ಹೊಗೆಯನ್ನೇ.

ಹಾಗಾದರೆ ಕ್ಯಾಮೆರಾ ಮಾಡಿದವರಿಗೆ ಬುದ್ಧಿ ಇರಲಿಲ್ಲವೇ? ಖಂಡಿತ ಇತ್ತು. ಈ ಉಪಾಯ ಎಚ್‌ಡಿಗಿಂತ ಎಷ್ಟೋ ಹಳೆಯದು. 1936ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿಬಿಸಿ ಪ್ರಸಾರ ಆರಂಭಿಸಿದಾಗಲೇ 405 ಗೆರೆಗಳ ಚಿತ್ರವನ್ನು ಹೀಗೆ ಎರಡು ಪಾಲಾಗಿ, ಸೆಕೆಂಡಿಗೆ 50 ಪಾಲಿನಂತೆ ಕಳಿಸಲಾಗುತ್ತಿತ್ತು. ಪೂರ್ತಿ ಚಿತ್ರವನ್ನು ಸೆಕೆಂಡಿಗೆ 50 ಸಲ ಕಳಿಸಲು ಎರಡು ಪಟ್ಟು ಜಾಗ ಬೇಕಾಗುತ್ತಿತ್ತು. 25 ಸಲವಷ್ಟೇ ತೋರಿಸಿದರೆ ಟಿವಿ ಕಣ್ಣಿಗೆ ಮಿಣುಕುತ್ತಿತ್ತು. ಅರ್ಧರ್ಧ ಕಳಿಸಿದರೆ ಎರಡೂ ತೊಂದರೆ ತಪ್ಪುತ್ತವೆ. ಹಳೆಯ ಗಾಜಿನ ಕೊಳವೆಯ ಟಿವಿಯೂ ಅದೇ ಕ್ರಮದಲ್ಲಿ ಬೆಸ, ಸಮ ಎಂದು ಗೆರೆ ಎಳೆಯುತ್ತಿದ್ದುದರಿಂದ ಅಲ್ಲಿ ಚಲನೆ ರೇಷ್ಮೆಯಂತೆ ಕಾಣುತ್ತಿತ್ತು. ಬಾಚಣಿಗೆ ಹುಟ್ಟಿದ್ದು ಚಪ್ಪಟೆ ಪರದೆಗಳು ಬಂದ ಮೇಲೆ. ಇವತ್ತಿನ ಟಿವಿಗಳಲ್ಲಿ ಇದನ್ನು ಬಿಡಿಸುವ ಚಿಪ್ ಒಳಗೇ ಇರುತ್ತದೆ. ಕ್ಯಾಮೆರಾದಿಂದ ಎಚ್‌ಡಿಎಂಐ ತಂತಿ ಹಾಕಿ ಟಿವಿಯಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುವುದು ಅದಕ್ಕೆ.

ಈ 50 ಎಂಬ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ಗೋಡೆಯ ಪ್ಲಗ್ಗಿನಿಂದ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಕರೆಂಟು 50 ಹರ್ಟ್ಸ್, ಅಮೆರಿಕದಲ್ಲಿ 60. ಅಲ್ಲಿಯ ಕ್ಯಾಮೆರಾಗಳು ಸೆಕೆಂಡಿಗೆ 60 ಪಾಲು ಬರೆಯುತ್ತವೆ. ನಮ್ಮ ಚಿಕ್ಕಪ್ಪ ಅಮೆರಿಕದಿಂದ ಅಂಥದ್ದೇ ಒಂದನ್ನು ತಂದಿದ್ದರು. ಅಕ್ಕನ ಮದುವೆಯನ್ನು ಅದರಲ್ಲೇ ಹಿಡಿದರು. ಕಲ್ಯಾಣ ಮಂಟಪದ ತುಂಬ ಟ್ಯೂಬ್‌ಲೈಟು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 100ನ್ನು 60 ಪಾಲಿಗೆ ಸಮನಾಗಿ ಹಂಚಲು ಬರುವುದಿಲ್ಲ, ಆದ್ದರಿಂದ ಒಂದು ಪಾಲಿಗೆ ಹೆಚ್ಚು ಬೆಳಕು, ಮುಂದಿನದಕ್ಕೆ ಕಡಿಮೆ. ಧಾರೆಯ ಹೊತ್ತಿನುದ್ದಕ್ಕೂ ಮಂಟಪವೇ ಪಟಪಟನೆ ರೆಪ್ಪೆ ಬಡಿದಂತಿದೆ. ಕ್ಯಾಮೆರಾ ಕೆಟ್ಟಿದೆಯೆಂದು ಚಿಕ್ಕಪ್ಪ ಅದನ್ನು ಮೂಲೆಗಿಟ್ಟರು. ಶಟರ್ ವೇಗವನ್ನು, ಅಂದರೆ ಪ್ರತಿ ಪಾಲಿಗೆ ಬೆಳಕು ಹಿಡಿಯುವ ಹೊತ್ತನ್ನು, ಸೆಕೆಂಡಿನ 1/100ಕ್ಕೆ ಇಟ್ಟಿದ್ದರೆ ಸಾಕಿತ್ತು, ಪ್ರತಿ ಪಾಲಿಗೂ ಸರಿಯಾಗಿ ಒಂದೊಂದು ಮಿಣುಕು ಸಿಗುತ್ತಿತ್ತು. ಪರದೇಶದ ನೆಂಟರು ಕೊಟ್ಟ ಕ್ಯಾಮೆರಾ ನಿಮ್ಮಲ್ಲಿದ್ದರೆ ಈ ಒಂದು ಸಂಖ್ಯೆಯನ್ನು ನೆನಪಿಡಿ.

ಮಗ್ಗಕ್ಕೆ ಮರಳೋಣ, ಏಕೆಂದರೆ ನನ್ನ ಮೈ ಜುಮ್ಮೆಂದದ್ದು ಇಲ್ಲಿ. ಬೆಸ ಪಾಲು ಒಂದು ಕ್ಷಣದ್ದು, ಸಮ ಪಾಲು ಇನ್ನೊಂದು ಕ್ಷಣದ್ದು ಎಂದೆನಲ್ಲವೇ? ಹಾಗಿದ್ದರೆ ಒಂದು ಸೆಕೆಂಡಿನಲ್ಲಿ ಇರುವುದು 25 ಚಿತ್ರಗಳಲ್ಲ. ಬೇರೆ ಬೇರೆಯಾದ 50 ಕ್ಷಣಗಳು! ಸಾಮಾನ್ಯವಾಗಿ ನಾವು ಪರಿವರ್ತಿಸುವಾಗ ಅವುಗಳನ್ನು ಜೋಡಿ ಜೋಡಿಯಾಗಿ ಹಿಸುಕಿ 25 ಮಾಡಿಬಿಡುತ್ತೇವೆ. ಗಂಟೆಗೆ 1,80,000 ಕ್ಷಣ ಹಿಡಿದ ಯಂತ್ರದಿಂದ 90,000ವನ್ನಷ್ಟೇ ಉಳಿಸಿಕೊಳ್ಳುತ್ತೇವೆ. ಅದೂ ಅಜ್ಜಿಯ ಕೈಗಳಂಥ ಕೈಗಳು ಇರುವಲ್ಲಿ! ಇದನ್ನು ಸಣ್ಣ ನಷ್ಟ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ.

ಬಿಡಿಸುವುದು ಕಷ್ಟವಲ್ಲ. ಸುಮ್ಮನೆ ನೋಡುವುದಕ್ಕೆ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಸಾಕು. ಅದರಲ್ಲಿ ಡಿಇಂಟರ್‌ಲೇಸ್, ಅಂದರೆ ಹೆಣೆದದ್ದನ್ನು ಬಿಡಿಸುವುದು, ಆನ್ ಮಾಡಿ, ವಿಧಾನದಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ. ಶಾಶ್ವತವಾಗಿ ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. ಅದರ ಫಿಲ್ಟರ್‌ಗಳಲ್ಲಿ ಡಿಇಂಟರ್‌ಲೇಸಿಗೆ ‘ಯಾಡಿಫ್’ ಅಥವಾ ‘ಬ್ವಿಡಿಫ್’, ಅದರ ಪಕ್ಕದಲ್ಲಿ ‘ಬಾಬ್’, ಫ್ರೇಮ್ ರೇಟ್ 50. ಆಗ ಪ್ರತಿ ಪಾಲೂ ತನ್ನದೇ ಒಂದು ಪೂರ್ಣ ಚಿತ್ರವಾಗುತ್ತದೆ. ಇಲ್ಲದ 540 ಗೆರೆಗಳನ್ನು ತಂತ್ರಾಂಶ ಅಕ್ಕಪಕ್ಕದ ಗೆರೆಗಳನ್ನೂ ಹಿಂದುಮುಂದಿನ ಪಾಲುಗಳನ್ನೂ ನೋಡಿ ಊಹಿಸಿ ತುಂಬುತ್ತದೆ. ಊಹೆ ಎಂಬುದನ್ನು ಮರೆಯಬೇಡಿ. ಅದಕ್ಕಾಗಿಯೇ ಮೂಲ ಎಂಟಿಎಸ್ ಫೈಲನ್ನು ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹತ್ತು ವರ್ಷದ ಮೇಲೆ ಇನ್ನೂ ಚೆನ್ನಾಗಿ ಊಹಿಸುವ ತಂತ್ರಾಂಶ ಬಂದಾಗ ಅದಕ್ಕೆ ಬೇಕಾಗುವುದು ಮೂಲವೇ. ನನ್ನ ಕಾರ್ಡಿನಲ್ಲಿ ಮೂಲ ಉಳಿದಿದ್ದರಿಂದಲೇ ಇವತ್ತು ಈ ವಿಡಿಯೋ ಮಾಡುತ್ತಿದ್ದೇನೆ.

ಸದ್ದು ಬರುವುದಿಲ್ಲ ಎಂದಿದ್ದರಲ್ಲ, ಅದಕ್ಕೂ ಸರಳ ಕಾರಣವಿದೆ. ಎವಿಸಿಎಚ್‌ಡಿ ಕ್ಯಾಮೆರಾಗಳು ಧ್ವನಿಯನ್ನು ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ರೂಪದಲ್ಲಿ ಬರೆಯುತ್ತವೆ. ಅದನ್ನು ಬಿಚ್ಚುವ ವ್ಯವಸ್ಥೆ ಎಷ್ಟೋ ಮೊಬೈಲುಗಳಲ್ಲಿ ಇಲ್ಲ. ಧ್ವನಿ ಫೈಲಿನಲ್ಲೇ ಇದೆ, ವಿಎಲ್‌ಸಿ ಹಾಕಿದರೆ ಕೇಳುತ್ತದೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕಾರ್ಡುಗಳಲ್ಲಿ ಬಳಸುವ ಎಫ್‌ಎಟಿ32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಆದ್ದರಿಂದ ಉದ್ದದ ಚಿತ್ರೀಕರಣ ತುಂಡಾಗಿರುತ್ತದೆ. ನಮ್ಮ ಮನೆಯಲ್ಲಿ ಒಂದು ಸೋಬಾನೆ ಪದ ನಡುವೆಯೇ ಎರಡು ಫೈಲಾಗಿದೆ. ಕಾರ್ಡಿನ ಫೋಲ್ಡರುಗಳನ್ನು ಇದ್ದ ಹಾಗೆಯೇ ಪೂರ್ತಿಯಾಗಿ ನಕಲು ಮಾಡಿಕೊಳ್ಳಿ, ಕ್ಯಾಮೆರಾದ ಜೊತೆ ಬಂದ ತಂತ್ರಾಂಶ ಅದನ್ನು ನೋಡಿಯೇ ತುಂಡುಗಳನ್ನು ಬೆಸೆಯುತ್ತದೆ. ಕ್ಯಾಮೆರಾ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಗಡಿಯಾರದ ಪುಟ್ಟ ಬ್ಯಾಟರಿ ಬರಿದಾಗಿ ದಿನಾಂಕ ತಪ್ಪಿರುತ್ತದೆ, ಚಿತ್ರೀಕರಣಕ್ಕೆ ಮೊದಲು ಸರಿಪಡಿಸಿಕೊಳ್ಳಿ. ಮಲೆನಾಡು, ಕರಾವಳಿಯವರು ಲೆನ್ಸಿಗೂ ಹಳೆಯ ಟೇಪುಗಳಿಗೂ ಬೂಸಲು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಟೇಪಿನ ಕ್ಯಾಮೆರಾ ಇರುವವರು ತಡಮಾಡಬೇಡಿ, ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು, ಅದಕ್ಕೆ ಬೇಕಾದ ಫೈರ್‌ವೈರ್ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿ ಇರುವುದಿಲ್ಲ.

ಮೊಬೈಲ್ ಇರುವಾಗ ಇದನ್ನು ಇನ್ನೂ ಬಳಸಬೇಕೇ? ರಾತ್ರಿ ಬೆಳಕಿಗೆ ಬೇಡ, ಒಳ್ಳೆಯ ಮೊಬೈಲ್ ಗೆಲ್ಲುತ್ತದೆ. 2015ರಲ್ಲಿ ಬಂದ ಸೋನಿ ಸಿಎಕ್ಸ್405ನ್ನೇ ತೆಗೆದುಕೊಳ್ಳಿ, ಅದರ ಸಂವೇದಕದ, ಅಂದರೆ ಬೆಳಕು ಹಿಡಿಯುವ ಚಿಪ್ಪಿನ, ಕರ್ಣ ಸುಮಾರು 3 ಮಿಲಿಮೀಟರ್, ಒಂದು ಕೊತ್ತಂಬರಿ ಕಾಳಿನಷ್ಟು. ಮಬ್ಬು ಬೆಳಕಿನಲ್ಲಿ ಅದು ಎಷ್ಟೆಂದು ಹಿಡಿದೀತು? ಆದರೆ ಸಂವೇದಕ ಅಷ್ಟು ಚಿಕ್ಕದಾದ್ದರಿಂದಲೇ 30 ಪಟ್ಟು ಆಪ್ಟಿಕಲ್ ಜೂಮ್ ಅಂಗೈಯಲ್ಲಿ ಹಿಡಿಸುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ಮಗಳ ಮುಖ ಹಿಡಿಯಲು ನನಗೆ ಇದಕ್ಕಿಂತ ಬೇರೆ ಬೇಡ. ನಡುವೆ ಕರೆ ಬಂದು ನಿಲ್ಲುವುದಿಲ್ಲ. ಚೀಲದ ಮೇಲೆ ಇಟ್ಟು ಮರೆತುಬಿಡಬಹುದು, ಮನೆಯವರೂ ಅದನ್ನು ಮರೆಯುತ್ತಾರೆ. ಅಜ್ಜಿ ಮರೆತಿದ್ದರಿಂದಲೇ ನನಗೆ ಆ ಇಪ್ಪತ್ತು ನಿಮಿಷ ಸಿಕ್ಕಿತು.

ಈಗ ಅದೇ ದೃಶ್ಯ, ಮೂಲ ಫೈಲಿನಿಂದ, ಸೆಕೆಂಡಿಗೆ 50 ಚಿತ್ರದಂತೆ. ಬಡಿಯುವ ಬಲಗೈಯನ್ನು ನೋಡಬೇಡಿ, ಎಡಗೈ ಬೆರಳುಗಳನ್ನು ನೋಡಿ. ಪ್ರತಿ ಏಟಿನ ನಡುವೆ ಅವು ರೊಟ್ಟಿಯನ್ನು ಒಂದಿಷ್ಟೇ ತಿರುಗಿಸುತ್ತವೆ. ನಾನು ಹದಿನೈದು ವರ್ಷ ಅದನ್ನು ಗಮನಿಸಿರಲಿಲ್ಲ. ಬಲಗೈ ಮೇಲೆ ಹೋಗಿ ಒಂದು ಗಳಿಗೆ ನಿಂತಾಗ ಬಳೆಗಳನ್ನು ಎಣಿಸಿ.

(ದೃಶ್ಯ 40 ಸೆಕೆಂಡು. ಹಿನ್ನೆಲೆ ಸಂಗೀತ ಇಲ್ಲ. ರೊಟ್ಟಿಯ ಸದ್ದು, ಒಲೆಯ ಚಟಪಟ. ಅಜ್ಜಿ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುತ್ತಾರೆ. ಎರಡು ಕೈ, ಒಂದರಲ್ಲಿ ಆರು ಹಸಿರು ಬಳೆ.)