ಲೈಸೆನ್ಸ್ ಬಂದ ಮೇಲೆ ಯಾಕೆ ಹಾರಬೇಕು?

ಎಲ್ಲರಿಗೂ ನಮಸ್ಕಾರ.

ಹವ್ಯಾಸಕ್ಕೆ ವಿಮಾನ ಹಾರಿಸುವ ಮಾತನ್ನು ಕಲಬುರಗಿಯಲ್ಲಿ ಆಡಿದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಹತ್ತಿರ ನಮ್ಮ ವಿಮಾನ ನಿಲ್ದಾಣ ಶುರುವಾಯಿತು. ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ. 2021ರಲ್ಲಿ ಹಾರಾಟದ ತರಬೇತಿ ಶಾಲೆಗಳಿಗೆ ಅಂತ ದೇಶದಲ್ಲಿ ಐದು ನಿಲ್ದಾಣ ಆರಿಸಿದಾಗ ಬೆಳಗಾವಿ ಜೊತೆ ಕಲಬುರಗಿಯೂ ಇತ್ತು. ಬೀದರ್‌ನವರಿಗಂತೂ ಇದು ಹೊಸದೇನಲ್ಲ. ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಅಲ್ಲಿ. ಒಂಬತ್ತು ವಿಮಾನ ಒಟ್ಟಿಗೆ ತಿರುಗುವುದನ್ನು ಮಾಳಿಗೆ ಮೇಲೆ ನಿಂತು ನೋಡಿ ಬೆಳೆದ ಮಕ್ಕಳಿದ್ದಾರೆ.

ಆದರೆ ಇಲ್ಲಿ ಹಾರುವವರಲ್ಲಿ ಹೆಚ್ಚಿನವರು ಕೆಲಸಕ್ಕಾಗಿ ಕಲಿಯುವವರು. 200 ಗಂಟೆ ಮುಗಿಸಬೇಕು, ಕಮರ್ಷಿಯಲ್ ಲೈಸೆನ್ಸ್ ತಗೋಬೇಕು, ಏರ್‌ಲೈನ್ ಸೇರಬೇಕು. ತಪ್ಪೇನಿಲ್ಲ. ನಾನು ಇವತ್ತು ಮಾತಾಡಬೇಕಾದ್ದು ಬೇರೆಯವರ ಬಗ್ಗೆ. ಡಾಕ್ಟರು, ಎಂಜಿನಿಯರು, ವ್ಯಾಪಾರಿ, ಮೇಷ್ಟ್ರು. ಆಸೆಪಟ್ಟು 40 ಗಂಟೆ ಹಾರಿ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡವರು, ಆಮೇಲೆ ಅದನ್ನು ಬೀರುವಿನಲ್ಲಿ ಇಟ್ಟವರು.

ಯಾಕೆ ಇಟ್ಟಿರಿ ಅಂತ ಕೇಳಿದರೆ ಮೊದಲು ದುಡ್ಡಿನ ಮಾತು ಬರುತ್ತದೆ. ನಿಜ, ಗಂಟೆಗೆ ಹತ್ತು ಸಾವಿರಕ್ಕಿಂತ ಜಾಸ್ತಿಯೇ ಬೀಳುತ್ತದೆ. ಆದರೆ ದುಡ್ಡಿದ್ದವರೂ ನಿಲ್ಲಿಸಿದ್ದಾರೆ. ನನಗೆ ಕಾಣುವ ಕಾರಣ ಬೇರೆ. ಕಲಿಯುವಾಗ ಪ್ರತಿ ಹಾರಾಟಕ್ಕೂ ಒಂದು ಗುರಿ ಇರುತ್ತದೆ. ಇವತ್ತು ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ ವಿಮಾನ ಸಂಭಾಳಿಸುವುದು, ನಾಳೆ ಅಡ್ಡಗಾಳಿಯಲ್ಲಿ ಇಳಿಯುವುದು, ಆಮೇಲೆ ಮೊದಲ ಸೋಲೊ, ಅಂದರೆ ಒಬ್ಬರೇ ಹಾರುವುದು. ಲೈಸೆನ್ಸ್ ಕೈಗೆ ಬಂದ ದಿನ ಗುರಿ ಹೇಳುವವರು ಯಾರೂ ಇಲ್ಲ. ಮೇಲೆ ಹೋಗಿ ಒಂದು ಸುತ್ತು ಹಾಕಿ ಬರುತ್ತೀರಿ. ಮೂರು ನಾಲ್ಕು ಸಲ ಹಾಗೆ ಸುತ್ತಿದ ಮೇಲೆ ಮನಸ್ಸು ಕೇಳುತ್ತದೆ: ಇಷ್ಟಕ್ಕೇನಾ? ಆಗ ಉತ್ಸಾಹ ಕುಂದುತ್ತದೆ. ನಾನೂ ಕೆಲವು ವರ್ಷ ಹಾಗೆ ದೂರ ಉಳಿದವನೇ.

ಹಾಗಾಗಿ ನಾನು ಹೇಳುವುದು ಒಂದೇ. ಹಾರಾಟಕ್ಕೆ ಒಂದು ಕೆಲಸ ಕೊಡಿ. ಸಣ್ಣದಾದರೂ ಸರಿ.

ನಮ್ಮ ಕಡೆ ಅದಕ್ಕೆ ಬೇಕಾದ್ದು ಬೇಕಾದಷ್ಟಿದೆ. ರಾಷ್ಟ್ರಕೂಟರ ಮಾನ್ಯಖೇಟ, ನಮ್ಮ ಮಳಖೇಡ, ಕಾಗಿಣಾ ದಂಡೆಯಲ್ಲಿದೆ. ಆ ನದಿಯನ್ನೇ ಹಿಡಿದು ಹೋದರೆ ಹೊನಗುಂಟಾದಲ್ಲಿ ಅದು ಭೀಮೆಗೆ ಸೇರುತ್ತದೆ. ಜಿಪಿಎಸ್ ನೋಡದೆ, ಕೈಯಲ್ಲಿ ನಕ್ಷೆ ಹಿಡಿದು, ಗಡಿಯಾರ ನೋಡುತ್ತಾ ಆ ಸಂಗಮವನ್ನು ಹುಡುಕಿ. ಇನ್ನೊಂದು ದಿನ ರೈಲು ಹಳಿ ಹಿಡಿಯಿರಿ: ಶಹಾಬಾದ್, ವಾಡಿ, ಯಾದಗಿರಿ. ಕೆಳಗೆ ಶಹಾಬಾದಿನ ಕಲ್ಲುಗಣಿಗಳು, ವಾಡಿಯ ಸಿಮೆಂಟ್ ಕಾರ್ಖಾನೆ. ಯಾದಗಿರಿಯಲ್ಲಿ ಬೆಟ್ಟದ ಮೇಲೆ ಕೋಟೆ, ಪಕ್ಕದಲ್ಲೇ ಭೀಮಾ. ಮಳೆಗಾಲ ಮುಗಿದ ಅಕ್ಟೋಬರ್‌ನಲ್ಲಿ ಗಾಳಿ ತೊಳೆದಿಟ್ಟ ಹಾಗಿರುತ್ತದೆ, ತೊಗರಿ ಹೊಲ ಹಸಿರಾಗಿರುತ್ತದೆ. ಇದೇ ಊರಲ್ಲಿ ಹುಟ್ಟಿ ಬೆಳೆದವರೂ ಅಪ್ಪನ ಕೆರೆ, ಬಹಮನಿ ಕೋಟೆ, ಅದರೊಳಗಿನ ಜಾಮಿ ಮಸೀದಿಯ ಗುಮ್ಮಟಗಳು ಒಂದೇ ನೋಟಕ್ಕೆ ಸಿಕ್ಕಾಗ ಸುಮ್ಮನಾಗಿಬಿಡುತ್ತಾರೆ.

ಇದಕ್ಕೆಲ್ಲ ಫ್ಲೈಟ್ ಪ್ಲಾನ್ ಕೊಡಬೇಕು, ವಾಯು ರಕ್ಷಣೆಯವರ ಅನುಮತಿಯಾದ ಎಡಿಸಿ ನಂಬರ್ ತಗೋಬೇಕು, ಟವರ್ ಹೇಳಿದ ಹಾಗೆ ಕೇಳಬೇಕು. ಬೀದರ್ ಕಡೆಯದು ವಾಯುಪಡೆಯ ಆಕಾಶ. ಅನುಮತಿ ಇಲ್ಲದೆ ಆ ಕಡೆ ಮೂಗು ತೋರಿಸುವ ಹಾಗಿಲ್ಲ. ಕೆಲವರಿಗೆ ಈ ಕಾಗದಪತ್ರವೇ ಬೇಸರ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ರಾತ್ರಿ ಊಟ ಆದ ಮೇಲೆ ನಕ್ಷೆ ಹರಡಿ ಗೆರೆ ಎಳೆಯಲು ಕೂತಾಗಲೇ ಹಾರಾಟ ಶುರುವಾಗಿರುತ್ತದೆ ಅಲ್ವಾ?

ಹೊತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಊರಲ್ಲಿ ಉತ್ಸಾಹ ಕೆಡಿಸುವುದು ಮಧ್ಯಾಹ್ನದ ಬಿಸಿಲು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಮ್ಮಿ 1,500 ಅಡಿ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿದ್ದಾಗ ಲೆಕ್ಕ ಹಾಕಿ ನೋಡಿ, ಡೆನ್ಸಿಟಿ ಆಲ್ಟಿಟ್ಯೂಡ್ 5,000 ಅಡಿ ಹತ್ತಿರ ಬರುತ್ತದೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಅದಕ್ಕೆ ಸಿಗುವುದು ಅಷ್ಟು ಎತ್ತರದ ತೆಳು ಗಾಳಿ. ರೆಕ್ಕೆಗೆ ಆಸರೆ ಕಮ್ಮಿ, ಪ್ರೊಪೆಲ್ಲರ್‌ಗೆ ಹಿಡಿತ ಕಮ್ಮಿ, ಎಂಜಿನ್‌ಗೆ ಉಸಿರು ಕಮ್ಮಿ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಅದರ ಮೇಲೆ ಎರೆ ಹೊಲ ಕಾದು ಬಿಸಿಗಾಳಿ ಎದ್ದು ಸಣ್ಣ ವಿಮಾನವನ್ನು ಎತ್ತಿ ಎತ್ತಿ ಹಾಕುತ್ತದೆ. ಬಿಟ್ಟು ಬಹಳ ದಿನ ಆದವರು ಇಂಥ ಮಧ್ಯಾಹ್ನ ಮತ್ತೆ ಶುರುಮಾಡಿದರೆ ಬೆವರು, ಹೆದರಿಕೆ, ವಾಕರಿಕೆ ಮೂರೂ ಸಿಗುತ್ತವೆ. ಇನ್ನು ಬೇಡಪ್ಪಾ ಅನ್ನಿಸುತ್ತದೆ. ಅದೇ ಮನುಷ್ಯನನ್ನು ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಕರೆದುಕೊಂಡು ಹೋಗಿ. ಗಾಳಿ ಅಲುಗುವುದಿಲ್ಲ. ಎರಡು ಬೆರಳಲ್ಲಿ ಹಿಡಿದರೆ ವಿಮಾನ ನೆಟ್ಟಗೆ ಹೋಗುತ್ತದೆ.

ಮತ್ತೆ ಶುರುಮಾಡುವವರು ಇನ್ನೊಂದು ಮಾಡಬೇಕು. ಪ್ರೀಫ್ಲೈಟ್ ತಪಾಸಣೆಗೆ ಪೂರ್ತಿ ಸಮಯ ಕೊಡಿ. ಸೆಸ್ನಾ 172 ಅಂದುಕೊಳ್ಳಿ. ರೆಕ್ಕೆ ಕೆಳಗೆ ಬಗ್ಗಿ, ಪಾರದರ್ಶಕ ಲೋಟದ ಕಡ್ಡಿಯನ್ನು ಟ್ಯಾಂಕಿನ ಡ್ರೈನ್‌ಗೆ ಒತ್ತಿ ಸ್ವಲ್ಪ ಇಂಧನ ಇಳಿಸುತ್ತೀರಿ. ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತೀರಿ. ಸಣ್ಣ ವಿಮಾನದ ಪೆಟ್ರೋಲ್, ಅಂದರೆ 100 ಎಲ್‌ಎಲ್ ಏವ್‌ಗ್ಯಾಸ್, ತಿಳಿ ನೀಲಿ ಬಣ್ಣ. ರಾತ್ರಿ ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಸೇರಿದ್ದರೆ ನೀರು ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ. ಗುಳ್ಳೆ ಹೋಗುವವರೆಗೂ ಮತ್ತೆ ಮತ್ತೆ ಇಳಿಸಬೇಕು. ಆಮೇಲೆ ಎಂಜಿನ್ ಆಯಿಲ್, ವೇಗ ಅಳೆಯುವ ಪಿಟೊಟ್ ಕೊಳವೆಯ ಕವರ್, ಫ್ಲ್ಯಾಪ್‌ಗಳ ಕೀಲು. ಪ್ರೊಪೆಲ್ಲರ್ ಅಂಚಿನಲ್ಲಿ ಕಲ್ಲು ತಾಗಿದ ಗಾಯ ಇದೆಯಾ ಅಂತ ಕಣ್ಣಿಟ್ಟು ನೋಡುವುದು. ಕೈಗೆ ಎಣ್ಣೆ ವಾಸನೆ ಹತ್ತುತ್ತದೆ. ಹೀಗೆ ಸುತ್ತು ಬರುತ್ತಾ ಮರೆತದ್ದು ಒಂದೊಂದೇ ನೆನಪಾಗುತ್ತದೆ, ಹೆದರಿಕೆಯೂ ಇಳಿಯುತ್ತದೆ. ಇದನ್ನು ಅವಸರದಲ್ಲಿ ಮುಗಿಸುವವರಿಗೆ ಹಾರಾಟದ ಅರ್ಧ ಸುಖ ಗೊತ್ತೇ ಇಲ್ಲ ಅಂತ ನಾನು ಹೇಳುತ್ತೇನೆ.

ಮೊದಲ ಕೆಲವು ಹಾರಾಟ ಇನ್‌ಸ್ಟ್ರಕ್ಟರ್ ಜೊತೆಗೇ ಇರಲಿ. ಅದರಲ್ಲಿ ಅವಮಾನ ಏನೂ ಇಲ್ಲ. ಅಮೆರಿಕದಲ್ಲಿ ಎಷ್ಟೇ ಅನುಭವ ಇದ್ದರೂ ಎರಡು ವರ್ಷಕ್ಕೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಪರೀಕ್ಷೆ ಮಾಡಿಸಿಕೊಳ್ಳುವ ನಿಯಮ ಇದೆ. ಅಲ್ಲಿ 90 ದಿನದಲ್ಲಿ ಮೂರು ಸಲ ಏರಿ ಇಳಿಯದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಹಾಗಿಲ್ಲ. ಅಭ್ಯಾಸ ತಪ್ಪಿದಾಗ ಮೊದಲು ಹೋಗುವುದು ರೇಡಿಯೊ ಮೇಲಿನ ಮಾತು, ಆಮೇಲೆ ಇಳಿಯುವಾಗಿನ ಅಂದಾಜು. ಎರಡೂ ಬೇಗ ವಾಪಸ್ ಬರುತ್ತವೆ.

ವಯಸ್ಸಾಯಿತು ಅನ್ನುವವರಿಗೆ ಜೆ.ಆರ್.ಡಿ. ಟಾಟಾ ಅವರನ್ನು ನೆನಪಿಸುತ್ತೇನೆ. 1929ರ ಫೆಬ್ರವರಿ 10ರಂದು ಅವರಿಗೆ ಸಿಕ್ಕ ಲೈಸೆನ್ಸಿನ ನಂಬರ್ ಒಂದು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಬೊಂಬಾಯಿಗೆ ಅಂಚೆ ಹೊತ್ತು ಹಾರಿದರು. ಸರಿಯಾಗಿ 50 ವರ್ಷ ಆದ ಮೇಲೆ, 1982ರಲ್ಲಿ, 78ನೇ ವಯಸ್ಸಿನಲ್ಲಿ ಅದೇ ದಾರಿಯಲ್ಲಿ ಹಳೆಯ ಲೆಪರ್ಡ್ ಮಾತ್ ವಿಮಾನ ಹಾರಿಸಿಕೊಂಡು ಬಂದರು. ಅವರಿಗೆ ಏರ್‌ಲೈನ್ ಕಟ್ಟಿದ್ದೂ ಸಾಲಲಿಲ್ಲ, ಕೈಯಲ್ಲಿ ಕಂಟ್ರೋಲ್ ಬೇಕಿತ್ತು.

ಇನ್ನೊಂದು ದೊಡ್ಡ ಮದ್ದು, ಬೇರೆಯವರನ್ನು ಕೂರಿಸಿಕೊಂಡು ಹೋಗುವುದು. ಪ್ರೈವೇಟ್ ಲೈಸೆನ್ಸಿನಲ್ಲಿ ದುಡ್ಡು ತಗೊಳ್ಳುವ ಹಾಗಿಲ್ಲ, ಪ್ರೀತಿಗೆ ಕರೆದೊಯ್ಯಬಹುದು. ಅಮೆರಿಕದಲ್ಲಿ ಹವ್ಯಾಸಿ ಹಾರಾಟಗಾರರ ಸಂಸ್ಥೆಯಾದ ಇಎಎ 1992ರಲ್ಲಿ ಯಂಗ್ ಈಗಲ್ಸ್ ಅಂತ ಶುರುಮಾಡಿತು. ಅದರ ಸದಸ್ಯರು ತಮ್ಮದೇ ಖರ್ಚಿನಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹಾರಿಸಿದ್ದಾರೆ. ಮಕ್ಕಳಿಗೆ ಎಷ್ಟು ಲಾಭವೋ ಆ ಪೈಲಟ್‌ಗಳಿಗೂ ಅಷ್ಟೇ ಲಾಭ ಅಂತ ನನ್ನ ನಂಬಿಕೆ. ಪಕ್ಕದ ಸೀಟಿನಲ್ಲಿ ಕೂತವರು ತಮ್ಮ ಹೊಲವನ್ನು ಮೇಲಿಂದ ಗುರುತು ಹಿಡಿದು ಕೂಗಿದಾಗ ನಿಮ್ಮ ಬೇಸರ ಎಲ್ಲಿ ಉಳಿಯುತ್ತದೆ?

ಈಗ ಕೆಲಸದ ಮಾತು. ತರಬೇತಿ ಶಾಲೆಗಳ ವಿಮಾನ ವಿದ್ಯಾರ್ಥಿಗಳಿಗೇ ಸಾಲುವುದಿಲ್ಲ, ನಮಗೆಲ್ಲಿ ಸಿಗುತ್ತದೆ ಅಂತ ನೀವು ಕೇಳಬಹುದು. ಒಬ್ಬೊಬ್ಬರೇ ಹೋಗಿ ಕೇಳಿದರೆ ಸಿಗುವುದು ಕಷ್ಟ. ಒಂದು ಗುಂಪಾಗಿ ಹೋಗಿ, ವಾರಕ್ಕೆ ಒಂದು ಬೆಳಗಿನ ಸ್ಲಾಟ್ ಹವ್ಯಾಸಿಗಳಿಗೆ ಬಿಡಿ ಅಂತ ಕೇಳೋಣ. ಲೈಸೆನ್ಸ್ ಇದ್ದವರು ಈ ವಾರವೇ ಅದನ್ನು ಹೊರಗೆ ತೆಗೆದು ಮೆಡಿಕಲ್ ಮತ್ತು ರೇಡಿಯೊ ಲೈಸೆನ್ಸಿನ ತಾರೀಖು ನೋಡಿ. ಮೆಡಿಕಲ್ ಮುಗಿದಿದ್ದರೆ, ವಿಮಾನಯಾನದ ಸರ್ಕಾರಿ ನಿಯಂತ್ರಕರಾದ ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಸಮಯ ತಗೊಳ್ಳಿ. ಇನ್ನೂ ಕಲಿಯದ ಹುಡುಗ ಹುಡುಗಿಯರು ಇಲ್ಲಿದ್ದೀರಿ. ಹತ್ತನೇ ತರಗತಿ ಪಾಸಾಗಿದ್ದರೆ 16ಕ್ಕೆ ಸ್ಟೂಡೆಂಟ್ ಲೈಸೆನ್ಸ್, 17ಕ್ಕೆ ಪ್ರೈವೇಟ್ ಲೈಸೆನ್ಸ್.

ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬೆಳಗಿನ ಸ್ಲಾಟ್ ಕೇಳಲು ನನ್ನ ಜೊತೆ ಬರುವವರು ಹೆಸರು ಬರೆಯಿರಿ. ಮಳಖೇಡದಿಂದ ಹೊನಗುಂಟಾವರೆಗಿನ ನಕ್ಷೆಯೂ ಅಲ್ಲೇ ಇದೆ. ಬನ್ನಿ, ಗೆರೆ ಎಲ್ಲಿಂದ ಎಳೆಯಬೇಕು ಅಂತ ಒಟ್ಟಿಗೆ ನೋಡೋಣ.