ಸೋದರಮಾವನನ್ನು ಎಲ್ಲಿ ಬರೆಯಲಿ?

ಕೇಳುಗರಿಗೆ ನಮಸ್ಕಾರ.

ಕುಟುಂಬ ಚಿಕಿತ್ಸೆಯ, ಅಂದರೆ ಮನೆಯವರನ್ನೂ ಸೇರಿಸಿಕೊಂಡು ಮಾಡುವ ಮನೋಚಿಕಿತ್ಸೆಯ, ಮೊದಲ ತರಗತಿಯಲ್ಲಿ ನಾನು ಪುಸ್ತಕ ತೆರೆಸುವುದಿಲ್ಲ. ಬಿಳಿ ಹಾಳೆ ಕೊಟ್ಟು, ಅವರವರ ಮನೆಯ ಮೂರು ತಲೆಮಾರನ್ನು ಬರೆಯಲು ಹೇಳುತ್ತೇನೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಕತ್ತರಿ ಗುರುತು, ಮಾತು ಬಿಟ್ಟವರ ನಡುವೆ ತುಂಡಾದ ಗೆರೆ. ಜೀನೋಗ್ರಾಮ್ ಎಂಬ ಈ ನಕ್ಷೆ ಬೆಳೆದದ್ದು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ ವಿಚಾರಗಳಿಂದ.

ಮಂಗಳೂರಿನಲ್ಲಿ ಇದನ್ನು ಬರೆಸಿದರೆ ಯಾರಾದರೊಬ್ಬರು ಕೈಯೆತ್ತಿಯೇ ಎತ್ತುತ್ತಾರೆ: "ಸೋದರಮಾವನನ್ನು ಎಲ್ಲಿ ಬರೆಯಲಿ?"

ಪುಸ್ತಕದ ಉತ್ತರ ಸುಲಭ, ತಾಯಿಯ ಪಕ್ಕದಲ್ಲೊಂದು ಚೌಕ. ಆದರೆ ಅಳಿಯ ಸಂತಾನದ ಮನೆಗಳಲ್ಲಿ ತುಳುವರ 'ತಮ್ಮಲೆ', ಅಂದರೆ ಸೋದರಮಾವ, ಪಕ್ಕಕ್ಕೆ ಕೂರುವ ಮನುಷ್ಯನಲ್ಲ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಹೆಚ್ಚಾಗಿ ಅವನ ಕೈಯಲ್ಲಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಲೆಕ್ಕವನ್ನು ಬದಲಿಸಿತು. 'ಬಳಿ' ಎಂಬ ಕುಲದ ಗುರುತು ಮಾತ್ರ ಇಂದಿಗೂ ತಾಯಿಯದ್ದೇ. ಕುಟುಂಬದ ಮೂಲಮನೆಯಾದ ತರವಾಡು ಮನೆಯಲ್ಲಿ ದೈವದ ಕೋಲದ ದಿನ ಯಾರು ಎಲ್ಲಿ ನಿಲ್ಲುತ್ತಾರೆಂದು ನೋಡಿದವರಿಗೆ ಬೇರೆ ನಕ್ಷೆ ಬೇಕಿಲ್ಲ.

ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್ 1974ರ ತಮ್ಮ ಪುಸ್ತಕದಲ್ಲಿ ಕುಟುಂಬದೊಳಗಿನ ಗಡಿಗಳ ಬಗ್ಗೆ, ಅಂದರೆ ಯಾರು ಯಾವ ವಿಷಯದಲ್ಲಿ ಎಷ್ಟು ಕೈಹಾಕಬಹುದು ಎಂಬುದರ ಬಗ್ಗೆ ಬರೆದರು. ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ, ಸೋದರಿಯ ಮಗಳ ಕಾಲೇಜು ಶುಲ್ಕ ಕಟ್ಟುವ ಸೋದರಮಾವನನ್ನು ಕಂಡು "ಗಡಿ ಮೀರಿದ್ದಾನೆ" ಎಂದು ಷರಾ ಬರೆಯುತ್ತಾನೆ. ಮೀರಿದವನು ಮಾವನೋ, ಷರಾ ಬರೆದವನೋ? ಅಂತಹ ಉತ್ತರಪತ್ರಿಕೆಗೂ ವಿಶ್ವವಿದ್ಯಾಲಯ ನನ್ನಿಂದ ಅಂಕ ಕೇಳುತ್ತದೆ!

ನಾನು ಪುಸ್ತಕವನ್ನು ಬಿಸಾಡು ಎನ್ನುವವನಲ್ಲ. ಇಟಲಿಯ ಕುಟುಂಬ ಚಿಕಿತ್ಸಕರ ಮಿಲಾನ್ ತಂಡದವರು ಕಲಿಸಿದ ವರ್ತುಲ ಪ್ರಶ್ನೆ ನಮ್ಮ ಜಗಲಿಗೂ ಚೆನ್ನಾಗಿ ಒಗ್ಗುತ್ತದೆ. ಇಬ್ಬರ ನಡುವಿನ ಸಂಗತಿಯನ್ನು ಮೂರನೆಯವರಲ್ಲಿ ಕೇಳುವುದು ಅದರ ರೀತಿ. "ಅಪ್ಪ ಊಟ ಬಿಟ್ಟು ಎದ್ದಾಗ ಅಮ್ಮ ಮೊದಲು ಯಾರ ಮುಖ ನೋಡುತ್ತಾಳೆ?" ಎಂದು ಮಗಳನ್ನು ಕೇಳಿ ನೋಡಿ. ಮನೆಯವರನ್ನು ಚಿಕಿತ್ಸೆಯೊಳಗೆ ಕರೆದುಕೊಳ್ಳುವುದೂ ನಮಗೆ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡಿದ್ದರು.

ಇನ್ನು ನನ್ನ ತಪ್ಪು. ಆರಂಭದ ವರ್ಷಗಳಲ್ಲಿ ಎಲ್ಲರ ನಕ್ಷೆಯನ್ನೂ ಗೋಡೆಗೆ ಅಂಟಿಸುತ್ತಿದ್ದೆ. ಒಂದು ಹಾಳೆಯಲ್ಲಿ ಒಂದು ಚೌಕವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವೇ ತೂತಾಗಿತ್ತು. ಅದನ್ನು ಬರೆದಾಕೆ ಮರುದಿನ ತರಗತಿಗೆ ಬರಲಿಲ್ಲ, ಆ ವಾರವೂ ಬರಲಿಲ್ಲ. ಅಂದಿನಿಂದ ತೋರಿಸಬೇಕೋ ಬೇಡವೋ ಎಂಬುದು ಅವರವರ ಇಷ್ಟ. ಮೊದಲು ಕಪ್ಪು ಹಲಗೆಗೆ ಏರುವುದು ನನ್ನ ಮನೆ.

ಅದರಲ್ಲೊಂದು ತುಂಡಾದ ಗೆರೆ ಇದೆ, ನನ್ನ ಅಪ್ಪನಿಗೂ ಸೋದರತ್ತೆಗೂ ನಡುವೆ. ಕಾರಣ ಗದ್ದೆಯ ಬದುವಿನ ಒಂದು ಹಲಸಿನ ಮರ. ವರ್ಷವರ್ಷವೂ ಅದನ್ನು ನಗುನಗುತ್ತಾ ವಿವರಿಸುತ್ತಿದ್ದೆ. ಈ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಅವರು ಮಾತು ಬಿಟ್ಟ ಮೇಲೆ ಅತ್ತೆಯ ಮನೆಗೆ ಹೋಗುವುದನ್ನು ನಿಮ್ಮಲ್ಲಿ ಮೊದಲು ನಿಲ್ಲಿಸಿದವರು ಯಾರು?"

ಸುಣ್ಣದ ಕಡ್ಡಿ ಕೈಯಲ್ಲೇ ಉಳಿಯಿತು. ನಿಲ್ಲಿಸಿದವನು ನಾನು.

ನಮಸ್ಕಾರ.